ಅಂಚು ಹರಿದ ಮೇಲೆ ಸೀರೆ ಎಲ್ಲಿ ಉಳಿದೀತು?

(ಮಣ್ಣಗುಡ್ಡದಲ್ಲಿ ಸೇರಿದ್ದ ಕನ್ನಡ ತರುಣರೆದುರು ಮಾಡಿದ ಭಾಷಣದ ಬರಹರೂಪ)



ಕನ್ನಡದ ಹೆಸರಿನಲ್ಲಿ ಸಭೆ ಎಂದರೆ ನೀವು ಗುಡುಗು ಸಿಡಿಲಿನ ಭಾಷಣವನ್ನೇ ಕಾಯುತ್ತೀರಿ. ಘೋಷಣೆ ಬೇಕು, ಮೆರವಣಿಗೆ ಬೇಕು, ಮನವಿ ಪತ್ರವೂ ಬೇಕು. ಯಾವುದನ್ನೂ ನಾನು ಬೇಡವೆನ್ನುವುದಿಲ್ಲ. ಆದರೆ ಇವತ್ತು ಮೊದಲು ನಿಮ್ಮನ್ನು ಒಂದು ಸಣ್ಣ ಪರೀಕ್ಷೆಗೆ ಕೂರಿಸುತ್ತೇನೆ.

ಹೊಳೆಯ ನೀರು ಮುಗಿದು ನೆಲ ಶುರುವಾಗುವ ಜಾಗಕ್ಕೆ ಏನೆನ್ನುತ್ತೀರಿ? ಎರಡು ಗದ್ದೆಗಳ ನಡುವಿನ ಮಣ್ಣಿನ ಏರಿಗೆ? ಗೋಡೆಯಿಂದ ಹೊರಗೆ ಚಾಚಿ ಮಳೆನೀರು ಸುರಿಸುವ ಮಾಡಿನ ತುದಿಗೆ? ಚೊಂಬಿನ ಬಾಯಿಯ ಸುತ್ತಿಗೆ? ಕತ್ತಿಯ ಹರಿತವಾದ ಭಾಗಕ್ಕೆ? ಬಾಳೆಲೆಯ ಚೂಪು ತುದಿಗೆ? ಅಮಾವಾಸ್ಯೆ ಕಳೆದು ಎರಡನೆಯ ದಿನ ಪಡುವಣದಲ್ಲಿ ಕಾಣುವ ತೆಳು ಚಂದ್ರನಿಗೆ? ಏಳು ಪ್ರಶ್ನೆ. ಏಳಕ್ಕೂ ಕನ್ನಡದಲ್ಲಿ ಉತ್ತರ ಕೊಡಬಲ್ಲವರು ಕೈ ಎತ್ತಿ ನೋಡೋಣ!

ಎಲ್ಲಕ್ಕೂ ಒಂದೇ 'ಸೈಡು'

ಪೇಟೆಯ ಉತ್ತರ ನನಗೆ ಗೊತ್ತುಂಟು. ಹೊಳೆಗೆ ಸೈಡು, ರಸ್ತೆಗೆ ಸೈಡು, ಸೀರೆಗೆ ಬಾರ್ಡರು, ಗದ್ದೆಗೆ ಬೌಂಡ್ರಿ, ಚಾಕುವಿಗೆ ಎಡ್ಜು, ಚಂದ್ರನಿಗೆ ಹಾಫ್ ಮೂನು. ಅಲ್ಲಿಗೆ ಮುಗಿಯಿತು.

ಈಗ ಕನ್ನಡದ ಉತ್ತರ ಕೇಳಿ. ಸೀರೆಗೆ ಅಂಚು, ಸೆರಗು. ಹೊಳೆಗೆ ದಡ, ದಂಡೆ. ಕಡಲಿಗೆ ಕರೆ, ತೀರ. ಕೆರೆಗೆ ಏರಿ, ಕೋಡಿ. ಗದ್ದೆಗೆ ಬದು, ಹುಣಿ. ಮಾಡಿಗೆ ಸೂರು. ಬಾಗಿಲಿಗೆ ಹೊಸ್ತಿಲು. ಚೊಂಬಿಗೆ ಕಂಠ. ಕತ್ತಿಗೆ ಅಲಗು, ಮೊನೆ. ಎಲೆಗೆ ಕುಡಿ. ಜಮೀನಿಗೆ ಮೇರೆ, ಊರಿಗೆ ಎಲ್ಲೆ, ನಾಡಿಗೆ ಗಡಿ. ಎಳೆ ಚಂದ್ರನಿಗೆ ಬಿದಿಗೆಯ ಚಂದ್ರ.

ಇಂಗ್ಲಿಷನ್ನು ಬೈಯಲು ನಾನು ಇದನ್ನು ಹೇಳುತ್ತಿಲ್ಲ. ಇಂಗ್ಲಿಷಿನವರು ತಮ್ಮ ಭಾಷೆಯಲ್ಲಿ ಎಲ್ಲಕ್ಕೂ ಸೈಡು ಎನ್ನುವುದಿಲ್ಲ. ಟೋಪಿಯ ಅಂಚಿಗೆ ಅವರು ಬ್ರಿಮ್ ಎನ್ನುತ್ತಾರೆ, ಲಂಗದ ಅಂಚಿಗೆ ಹೆಮ್, ಸೂರಿಗೆ ಈವ್ಸ್, ಹೊಳೆಯ ದಡಕ್ಕೆ ಬ್ಯಾಂಕ್. ಒಂದೊಂದಕ್ಕೂ ಒಂದೊಂದು ಮಾತು ಇಟ್ಟುಕೊಂಡು ಜೋಪಾನ ಮಾಡಿದ್ದಾರೆ. ನಾವು ಮಾಡಿದ್ದೇನು? ನಮ್ಮ ಇಪ್ಪತ್ತು ಮಾತುಗಳನ್ನು ಬಿಟ್ಟುಕೊಟ್ಟು ಅವರದರಲ್ಲಿ ಮೂರನ್ನು ತಂದುಕೊಂಡೆವು. ಇದು ಯಾವ ಲೆಕ್ಕದ ವ್ಯಾಪಾರ? ಇಂಗ್ಲಿಷಿಗೇನು ಕೋಡು ಮೂಡಿದೆಯೆ?

ಅಂಚು ಎಂದರೆ ಮುಗಿಯುವ ಜಾಗವಲ್ಲ

ಅಂಚು ಎಂದರೆ ವಸ್ತು ಮುಗಿಯುವ ಜಾಗ ಎಂದು ನೀವು ತಿಳಿದಿರಬಹುದು. ನೇಕಾರರನ್ನು ಕೇಳಿ, ಅವರು ಬೇರೆ ಹೇಳುತ್ತಾರೆ. ಮಗ್ಗದಲ್ಲಿ ಲಾಳಿ ಅತ್ತಿಂದಿತ್ತ ಓಡಿ ಪ್ರತಿ ಸಲ ತಿರುಗುವುದು ಅಂಚಿನಲ್ಲಿ. ಅಲ್ಲಿ ಎಳೆ ಬಿಗಿಯಾಗಿದ್ದರೆ ಬಟ್ಟೆ ನಿಲ್ಲುತ್ತದೆ. ಅಲ್ಲಿ ಸಡಿಲವಾದರೆ ಇಡೀ ಒಡಲು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅಂದರೆ ಬಟ್ಟೆಯನ್ನು ಹಿಡಿದು ನಿಲ್ಲಿಸುವುದೇ ಅಂಚು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆ ನಿಮಗೆ ಗೊತ್ತು. ಅದರ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಬೇರೆ ನೂಲಿನ ಸೆರಗು ಒಡಲನ್ನು ಬಿಟ್ಟು ಹೋಗದಂತೆ ಒಂದೊಂದು ಎಳೆಗೂ ಕೈಹಿಡಿಸುವ ಕೆಲಸ ಅದು. ಉತ್ತರ ಕರ್ನಾಟಕದ ತಾಯಂದಿರು ಸೀರೆಯ ಅಂಚಿಗೆ 'ದಡಿ' ಎನ್ನುತ್ತಾರೆ. ಮೈಸೂರು ಕಡೆ ಹೋಗಿ ದಡಿ ಎಂದರೆ ದೊಣ್ಣೆ ಎಂದು ತಿಳಿದಾರು! ಒಂದೇ ಕನ್ನಡ, ಊರು ಬದಲಾದರೆ ಅರ್ಥ ಬದಲು. ಇದು ಕನ್ನಡದ ಬಡತನವಲ್ಲ, ಸಿರಿತನ.

ಸೆರಗು ಎಂಬ ಮಾತನ್ನೇ ನೋಡಿ. ಸೆರಗೊಡ್ಡಿ ಬೇಡುವುದುಂಟು. ಅಪಾಯವನ್ನು ಜೊತೆಗೇ ಇಟ್ಟುಕೊಂಡರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ ಎನ್ನುವುದುಂಟು. ಬಾರ್ಡರಿನಲ್ಲಿ ಕೆಂಡ ಕಟ್ಟಿಕೊಂಡರು ಎಂದು ಹೇಳಿ ನೋಡಿ! ಒಂದು ಮಾತು ಹೋದರೆ ಅದರ ಬೆನ್ನಿಗೆ ಹತ್ತು ನುಡಿಗಟ್ಟುಗಳೂ ಹೋಗುತ್ತವೆ.

'ಕರೆ' ಎಂಬ ಕರೆ

ಇಲ್ಲಿಂದ ಉರ್ವ, ಬೋಳೂರು ದಾಟಿ ಸುಲ್ತಾನ್ ಬತ್ತೇರಿಗೆ ಹೋಗಿ ನಿಲ್ಲಿ. ಎದುರಿಗೆ ಗುರುಪುರ ಹೊಳೆ. ಹೊಳೆಯಾಚೆ ತಣ್ಣೀರುಬಾವಿಯ ಮರಳಿನ ಪಟ್ಟಿ. ಅದರಾಚೆ ಅರಬ್ಬಿ ಕಡಲು. ಕಡಲಿಗೂ ಹೊಳೆಗೂ ನಡುವೆ ಚಾಚಿದ ಇಂಥ ಮರಳ ನೆಲಕ್ಕೆ ನಮ್ಮಲ್ಲಿ 'ಬೆಂಗ್ರೆ' ಎಂಬ ಹೆಸರುಂಟು. ಹೊಳೆಯ ನಡುವೆ ಎದ್ದ ನೆಲ 'ಕುದ್ರು'. ಹೊಳೆ ಕಡಲು ಸೇರುವ ಬಾಯಿ 'ಅಳಿವೆ'. ನಿಮ್ಮ ಮನೆಯಿಂದ ಒಂದು ಗಂಟೆಯ ನಡಿಗೆಯೊಳಗೆ ಅಂಚಿನ ಇಷ್ಟು ಹೆಸರುಗಳಿವೆ. ನಾವು ಹೇಳುವುದು ಮಾತ್ರ ಒಂದೇ: ಬೀಚು!

ಕಡಲ ಅಂಚಿಗೆ ಹಳೆಯ ಮಾತು 'ಕರೆ'. ತುಳುವಿನಲ್ಲೂ ಅದೇ, ತಮಿಳಿನಲ್ಲಿ ಕರೈ, ಮಲಯಾಳದಲ್ಲಿ ಕರ. ಮಲ್ಪೆಯ ಬಳಿ ಪಡುಕರೆ ಎಂಬ ಊರೇ ಇದೆ. ಪಡು ಎಂದರೆ ಪಶ್ಚಿಮ. ಕಂಬಳದ ಕೋಣ ಓಡುವ ಕೆಸರಿನ ಹಾದಿಗೂ ಕರೆ ಎಂದೇ ಹೆಸರು. ಎರಡು ಹಾದಿಗಳಿದ್ದರೆ ಜೋಡುಕರೆ. ಮೂಡಬಿದಿರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳಕ್ಕೆ ಹೋಗಿ ಕಿರುಚಿ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಆ ಕರೆಗೂ ಕಡಲ ಕರೆಗೂ ಇರುವ ನಂಟನ್ನು ಎಂದಾದರೂ ಯೋಚಿಸಿದ್ದೀರಾ?

ಕರೆಗೆ ಅರ್ಥ ಇಷ್ಟೇ ಅಲ್ಲ. ಕೂಗಿ ಕರೆಯುವುದೂ ಕರೆ. ಹಸುವಿನ ಹಾಲು ತೆಗೆಯುವುದೂ ಕರೆ. ಬಟ್ಟೆಗೆ ಹತ್ತಿದ ಕಲೆಯೂ ಕರೆ. ನಾಲ್ಕು ಅರ್ಥ ಒಂದೇ ಮಾತಿಗೆ ಹೇಗೆ ಬಂತು? ಹಳಗನ್ನಡದಲ್ಲಿ ಇವು ಎರಡು ಬಗೆಯ ಮಾತುಗಳು. ಕೂಗುವ ಕರೆ, ಕಡಲ ಕರೆ ಇವೆರಡಕ್ಕೂ ನಮ್ಮ ಈಗಿನ ರಕಾರ. ಹಾಲಿನ ಕಱೆ, ಕಲೆಯ ಕಱೆ ಇವೆರಡಕ್ಕೂ ಬೇರೊಂದು ಗಡುಸಾದ ಱಕಾರ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಈ ಅಕ್ಷರದ ಬಗೆಗೆ ಹೇಳುತ್ತದೆ. ಆಮೇಲೆ ಬಾಯಲ್ಲಿ ಆ ಧ್ವನಿ ಸವೆಯಿತು, ಬರಹದಲ್ಲಿ ಆ ಅಕ್ಷರ ಬಿತ್ತು, ಮಾತುಗಳು ಒಂದಾದವು. ಒಂದು ಅಕ್ಷರ ಹೋದರೆ ಏನು ಮಹಾ ಎನ್ನುವವರಿಗೆ ಇದು ಉತ್ತರ. ಅಕ್ಷರ ಹೋದಾಗ ಮಾತಿನ ಮನೆಗಳ ನಡುಗೋಡೆ ಬೀಳುತ್ತದೆ.

ಕೋಡಿ, ಕುಡಿ, ಕಡೆ

ಇನ್ನೊಂದು ಮಾತು ಕೋಡಿ. ಬಯಲುಸೀಮೆಯವರಿಗೆ ಕೋಡಿ ಎಂದರೆ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ. ಕೆರೆ ಕೋಡಿ ಬಿತ್ತೆಂದರೆ ಆ ವರ್ಷ ಊರಿಗೇ ಹಬ್ಬ. ಅಲ್ಲಿಂದಲೇ ಕಣ್ಣೀರಿನ ಕೋಡಿ ಎಂಬ ಮಾತು ಬಂದದ್ದು. ಕರಾವಳಿಗೆ ಬನ್ನಿ, ಇಲ್ಲಿ ಕೋಡಿ ಎಂದರೆ ಕಡಲಿಗೆ ಚಾಚಿದ ನೆಲದ ತುದಿ. ಕುಂದಾಪುರದ ಕೋಡಿ, ಉಡುಪಿ ಕಡೆಯ ಕೋಡಿಬೆಂಗ್ರೆ, ನಮ್ಮ ಉಳ್ಳಾಲದ ಕೋಡಿ. ಕೋಲಾರದ ಹುಡುಗನೂ ಕುಂದಾಪುರದ ಹುಡುಗಿಯೂ ಕೋಡಿ ಎಂದರೆ ಒಬ್ಬರ ಕಣ್ಣ ಮುಂದೆ ಕೆರೆ, ಇನ್ನೊಬ್ಬರ ಕಣ್ಣ ಮುಂದೆ ಕಡಲು. ಇಬ್ಬರಿಗೂ ಅದು ನೀರಿನ ಅಂಚೇ.

ಕುಡಿ ಎಂಬ ಎರಡಕ್ಷರದ ಮಾತು ಎಷ್ಟು ಕೆಲಸ ಮಾಡುತ್ತದೆ ನೋಡಿ. ಬಳ್ಳಿಯ ತುದಿ ಕುಡಿ. ಮನೆತನದ ಮಗು ವಂಶದ ಕುಡಿ. ಕಣ್ಣಂಚಿನ ನೋಟ ಕುಡಿನೋಟ. ತಿರುವಿದ ಮೀಸೆಯ ತುದಿ ಕುಡಿಮೀಸೆ. ಗೌರವದ ನೆಂಟರಿಗೆ ಊಟಕ್ಕೆ ಹಾಕುವುದು ಕುಡಿ ಬಾಳೆಲೆ. ತುಳುವಿನಲ್ಲಿ ಇದೇ 'ಕೊಡಿ'. ನಾವು ತುದಿಯಿರುವ ಎಲೆಯನ್ನು ದೊಡ್ಡವರಿಗೆ ಮೀಸಲಿಟ್ಟ ಜನ. ತುದಿಯನ್ನು ಕೀಳಾಗಿ ಕಂಡವರಲ್ಲ.

ಕಡೆ ಎಂದರೆ ಅಂತ್ಯ, ಕಡೆ ಎಂದರೆ ದಿಕ್ಕು. ಮೊಸರು ಕಡೆಯುವುದೂ ಕಡೆ. ನಮ್ಮ ಕರಾವಳಿಯಲ್ಲಿ ಮಸಾಲೆ ಅರೆಯುವುದಕ್ಕೂ ಕಡೆಯುವುದು ಎನ್ನುತ್ತೇವೆ. ಬೆಂಗಳೂರಿನ ಗೆಳೆಯನಿಗೆ 'ಅಮ್ಮ ಕಡೆಯುತ್ತಿದ್ದಾರೆ' ಎಂದರೆ ಅವನು ಮಜ್ಜಿಗೆ ಕೇಳಿಯಾನು! ನಗಬೇಡಿ, ಅಥವಾ ನಗಿ, ಆದರೆ ನಾಚಬೇಡಿ. ಪುಸ್ತಕದ ಕನ್ನಡವಲ್ಲ ಎಂದು ನಮ್ಮ ಮಾತನ್ನು ನಾವೇ ಅಡಗಿಸಿದರೆ ಅದನ್ನು ಉಳಿಸಲು ಬೇರೆ ಯಾರು ಬರುತ್ತಾರೆ?

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಇಲ್ಲಿ ಕೂತವರಲ್ಲಿ ಮನೆಯಲ್ಲಿ ತುಳು ಆಡುವವರಿದ್ದೀರಿ, ಕೊಂಕಣಿಯವರಿದ್ದೀರಿ, ಬ್ಯಾರಿ ಬಂಧುಗಳಿದ್ದೀರಿ. ಆ ನುಡಿಗಳನ್ನು ಬಿಡಿ ಎಂದು ಹೇಳುವವನು ಕನ್ನಡದ ಗೆಳೆಯನಲ್ಲ. ಕನ್ನಡದ ಹುಣಿ ಎಂಬ ಮಾತಿನ ಬೇರು ತಿಳಿಯಬೇಕಾದರೆ ತುಳುವಿನ ಪುಣಿಯನ್ನು ಕೇಳಬೇಕು. ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲಾಯಿತು, ಪುಲಿ ಹುಲಿಯಾಯಿತು, ಪುಣಿ ಹುಣಿಯಾಯಿತು. ತುಳು ಹಳೆಯ ಪಕಾರವನ್ನು ಇವತ್ತಿಗೂ ಕಾಪಾಡಿಕೊಂಡಿದೆ. ಅಕ್ಕಪಕ್ಕದ ಗದ್ದೆಗಳಿಗೆ ಹುಣಿ ಒಂದೇ. ಅದನ್ನು ಇಬ್ಬರೂ ಕಾಯಬೇಕು.

ಹಂಚಿನ ಊರಿನಲ್ಲಿ ಸೂರು

ಮಂಗಳೂರು ಹಂಚಿನ ಊರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಹಂಚಾಗಿ ದೂರದ ದೇಶಗಳಿಗೂ ಹೋಯಿತು. ಮಂಗಳೂರು ಹಂಚಿನ ಗುಟ್ಟು ಏನು ಗೊತ್ತೆ? ಅದರ ಅಂಚು! ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಸಾಲುಸಾಲಾಗಿ ಕೈ ಕೈ ಹಿಡಿದು ಕೂರುವುದರಿಂದ ಗಾರೆಯಿಲ್ಲದೆ ಕರಾವಳಿಯ ಮಳೆಯನ್ನು ತಡೆಯುತ್ತದೆ. ಹಂಚಿಗೂ ಅಂಚಿಗೂ ನಡುವೆ ಒಂದು ಹಕಾರ. ಅದನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳಿ. ಎರಡನ್ನೂ 'ಅಂಚು' ಎನ್ನುವ ಎಫ್‌ಎಂ ಕನ್ನಡ ನಮಗೆ ಬೇಡ.

ಆ ಹಂಚಿನ ಮಾಡು ಗೋಡೆಯಿಂದ ಹೊರಗೆ ಇಳಿದು ನಿಲ್ಲುವ ತುದಿಯೇ ಸೂರು. ಕನ್ನಡ ಸೂರಿಗೆ ಕೊಟ್ಟ ಬಡ್ತಿ ನೋಡಿ. ಮಳೆಗೆ ಸಿಕ್ಕಿದ ದಾರಿಹೋಕನು ಯಾರದೋ ಮನೆಯ ಸೂರಿನಡಿ ನಿಂತ. ಮನೆಯ ಅಂಚೇ ಅವನಿಗೆ ಆಸರೆಯಾಯಿತು. ಹಾಗೆ ಸೂರು ಎಂದರೆ ಆಸರೆ, ಸೂರು ಎಂದರೆ ಮನೆ ಎಂದಾಯಿತು. ಇವತ್ತು ಸರ್ಕಾರವೂ ಬಡವರಿಗೆ ಸೂರು ಕೊಡುತ್ತೇವೆ ಎನ್ನುತ್ತದೆ. ಅಂಚಿನ ಹೆಸರು ಇಡೀ ಮನೆಯ ಹೆಸರಾಯಿತು.

ಈಗ ತಾರಸಿ ಮನೆಗಳು ಬಂದಿವೆ, ಸೂರೇ ಇಲ್ಲ, ಮಾತು ಹೇಗೆ ಉಳಿದೀತು ಎಂದು ಕೇಳುತ್ತೀರಿ. ಪ್ರಶ್ನೆ ಸರಿ. ವಸ್ತು ಹೋದಾಗ ಮಾತು ಬಡವಾಗುತ್ತದೆ. ಆದರೆ ಹೊಸ ವಸ್ತುಗಳಿಗೂ ಅಂಚು ಇದೆಯಲ್ಲ! ನಿಮ್ಮ ಮೊಬೈಲಿನ ಪರದೆಗೆ ಅಂಚಿಲ್ಲವೆ? ಮೇಲ್ಸೇತುವೆಗೆ ಬದಿಯಿಲ್ಲವೆ? ಬಸ್ಸಿನ ಮೆಟ್ಟಿಲಿಗೆ ತುದಿಯಿಲ್ಲವೆ? ಕ್ರಿಕೆಟ್ ನೋಡುವಾಗ 'ಎಡ್ಜ್ ಆಯಿತು' ಎಂದು ಕೂಗುತ್ತೀರಿ. 'ಬ್ಯಾಟಿನ ಅಂಚಿಗೆ ತಾಗಿತು' ಎಂದು ಕೂಗಿದರೆ ವಿಕೆಟ್ ಬೀಳುವುದಿಲ್ಲವೆ?

ಎಳೆ ಚಂದ್ರ ಎಲ್ಲಿ ಹೋದ?

ಹಳಗನ್ನಡದಲ್ಲಿ ಎಳೆ ಚಂದ್ರನಿಗೆ 'ಪೆಱೆ' ಎಂಬ ಮಾತಿತ್ತು. ತಮಿಳಿನಲ್ಲಿ ಇದೇ ಪಿರೈ, ಮಲಯಾಳದಲ್ಲಿ ಪಿರ. ಅಲ್ಲಿ ಇವತ್ತಿಗೂ ಜನರ ಬಾಯಲ್ಲಿದೆ. ನಮ್ಮಲ್ಲಿ ನಿಘಂಟು ಸೇರಿತು. ಉಳಿದದ್ದು ಬಿದಿಗೆಯ ಚಂದ್ರ. ಸಂಸ್ಕೃತದ ದ್ವಿತೀಯಾ ನಮ್ಮ ಬಾಯಲ್ಲಿ ತಿದ್ದಿಕೊಂಡು ಬಿದಿಗೆಯಾದದ್ದು. ಮಕ್ಕಳು ಬಿದಿಗೆಯ ಚಂದ್ರನಂತೆ ಬೆಳೆಯಲಿ ಎಂದು ಹಿರಿಯರು ಹರಸುತ್ತಿದ್ದರು. ರಮಜಾನ್ ಮುಗಿಯಿತೆಂದು ಸಾರುವುದಕ್ಕೆ ನಮ್ಮ ಮುಸ್ಲಿಂ ಬಂಧುಗಳು ಪಡುವಣಕ್ಕೆ ಮುಖ ಮಾಡಿ ಕಾಯುವುದೂ ಇದೇ ಎಳೆ ಚಂದ್ರನನ್ನು. ಹೊಸ ತಿಂಗಳು ಶುರುವಾಗುವುದು ಆ ತೆಳು ಅಂಚಿನಿಂದ.

ಆ ಬಾಗು ನಮ್ಮ ಸುತ್ತ ಎಷ್ಟು ಕಡೆ ಇದೆ ನೋಡಿ. ಕುದುರೆಯ ಗೊರಸಿನಡಿ ಲಾಳ. ಹೆಣ್ಣುಮಕ್ಕಳ ತುರುಬನ್ನು ಬಳಸಿದ ಹೂವಿನ ದಂಡೆ. ಹೊಳೆಗೂ ದಂಡೆ, ಹೂವಿಗೂ ದಂಡೆ! ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಬಾಗಿದ ಅಲಗು. ಬಯಲುಸೀಮೆಯವರ ಈಳಿಗೆಮಣೆಯೇ ನಮ್ಮ ಮೆಟ್ಟುಕತ್ತಿ. ದೇವಸ್ಥಾನದ ಉತ್ಸವದಲ್ಲಿ ಊದುವ ಬಾಗಿದ ಕೊಂಬು. ಆ ಕೊಂಬೇ ಹಸುವಿನ ತಲೆಯ ಮೇಲೂ ಇದೆ, ನಿಮ್ಮ ಅಕ್ಷರಮಾಲೆಯಲ್ಲೂ ಇದೆ. ಕಕಾರಕ್ಕೆ ಕೊಂಬು ಕೊಟ್ಟರೆ ಕು ಎಂದು ಒಂದನೆಯ ತರಗತಿಯಲ್ಲಿ ಕಲಿತದ್ದು ನೆನಪಿದೆಯೆ? ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ. ನಮ್ಮ ಅಕ್ಷರಗಳ ಅಂಚಿಗೂ ಬಾಗಿಗೂ ಒಂದೊಂದು ಹೆಸರಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಿಮ್ಮ ತಮ್ಮ ತಂಗಿಯರನ್ನು ಕೇಳಿ, ಎಷ್ಟು ಮಂದಿ ಹೇಳಿಯಾರು?

ಅರ್ಧಚಂ‍ದ್ರಕ್ಕೆ ಇನ್ನೊಂದು ಅರ್ಥವೂ ಇದೆ. ಹೆಬ್ಬೆರಳನ್ನು ಅಗಲಿಸಿ ಅಂಗೈಯನ್ನು ಕುತ್ತಿಗೆಗೆ ಕೊಟ್ಟು ಹೊರಗೆ ದಬ್ಬುವುದಕ್ಕೆ ಕನ್ನಡದಲ್ಲಿ 'ಅರ್ಧಚಂದ್ರ ಪ್ರಯೋಗ' ಎನ್ನುತ್ತಾರೆ. ಕೈಯ ಆಕಾರ ನೋಡಿದರೆ ಅರ್ಥವಾಗುತ್ತದೆ. ನಮ್ಮ ಮಾತುಗಳಿಗೆ ನಾವು ಮಾಡುತ್ತಿರುವುದು ಇದೇ ಪ್ರಯೋಗ!

ಮನೆಯ ಪತ್ರ ಓದಲು ಬರುತ್ತದೆಯೆ?

ಇದೆಲ್ಲ ಪಂಡಿತರ ಕೆಲಸ, ನಮಗೇನು ಲಾಭ ಎಂದು ಹಿಂದಿನ ಸಾಲಿನವರು ಗೊಣಗುತ್ತಿರಬಹುದು. ಲಾಭ ನಷ್ಟದ ಮಾತನ್ನೇ ಆಡೋಣ.

ನಿಮ್ಮ ಮನೆಯ ಕ್ರಯಪತ್ರವನ್ನು ಕಪಾಟಿನಿಂದ ತೆಗೆದು ನೋಡಿ. ಅದರಲ್ಲಿ 'ಚಕ್ಕುಬಂದಿ' ಎಂದು ಬರೆದಿರುತ್ತದೆ. ನಿಮ್ಮ ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ ಅದು. ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಯಾವ ತೋಡು, ಉತ್ತರಕ್ಕೆ ಯಾವ ರಸ್ತೆ. ಪಕ್ಕದವರೊಡನೆ ಗಡಿಯ ತಕರಾರು ಬಂದರೆ ಭೂಮಾಪನ ಇಲಾಖೆಗೆ 'ಹದ್ದುಬಸ್ತು' ಅರ್ಜಿ ಕೊಡಬೇಕು. ಮೋಜಣಿದಾರರು ಬಂದು ಅಳೆದು ಗಡಿ ಗುರುತಿಸಿ ಕೊಡುತ್ತಾರೆ. ಹದ್ದು ಎಂದರೆ ಆಕಾಶದಲ್ಲಿ ಹಾರುವ ಹಕ್ಕಿ ಎಂದಷ್ಟೇ ತಿಳಿದವರಿಗೆ ಆ ನೋಟೀಸು ಅರ್ಥವಾಗುವುದುಂಟೆ? ಈ ಹದ್ದು ಅರಬ್ಬಿಯಿಂದ ಆಡಳಿತದ ಮೂಲಕ ಬಂದ ಮಾತು, ಎಲ್ಲೆ ಎಂದು ಅರ್ಥ. ಸರಹದ್ದು, ಹದ್ದು ಮೀರು, ಹದ್ದುಬಸ್ತು ಎಲ್ಲದರಲ್ಲೂ ಇರುವುದು ಅದೇ.

ನೋಡಿ, ಕನ್ನಡ ಹೊರಗಿನ ಮಾತನ್ನು ದೂರ ತಳ್ಳಿದ ಭಾಷೆಯಲ್ಲ. ಅರಬ್ಬಿಯ ಹದ್ದನ್ನು ತಂದಿತು, ಹದ್ದು ಮೀರಬೇಡ ಎಂದು ಅಜ್ಜಿ ಗದರುವಷ್ಟು ತನ್ನದಾಗಿಸಿಕೊಂಡಿತು. ಎಲ್ಲೆಯೂ ಉಳಿಯಿತು, ಮೇರೆಯೂ ಉಳಿಯಿತು. ತರುವುದು ಬೇರೆ, ಶರಣಾಗುವುದು ಬೇರೆ. ಹೊಸದು ಬಂದು ಹಳೆಯದರ ಜೊತೆ ಕೂತರೆ ಅದು ಬೆಳವಣಿಗೆ. ಹಳೆಯ ಇಪ್ಪತ್ತನ್ನು ಓಡಿಸಿ ಒಂದೇ ಕೂತರೆ ಅದು ಒಕ್ಕಲೆಬ್ಬಿಸುವ ಕೆಲಸ.

ತನ್ನ ಪತ್ರ ತನಗೆ ಓದಲು ಬಾರದವನು ಪ್ರತಿ ಸಲ ಇನ್ನೊಬ್ಬನ ಬಾಯಿ ನೋಡಬೇಕು. ಯಾರೋ ಹೇಳಿದ್ದನ್ನು ನಂಬಿ ಸಹಿ ಹಾಕಬೇಕು. ಭಾಷೆಯ ಹಕ್ಕು ಎಂದರೆ ಬೋರ್ಡಿನ ಬಣ್ಣವಷ್ಟೇ ಅಲ್ಲ. ನಿಮ್ಮ ಅಂಗಳದ ಮೇರೆ ಎಲ್ಲಿ ಎಂದು ನಿಮಗೇ ಗೊತ್ತಿರುವುದೂ ಭಾಷೆಯ ಹಕ್ಕೇ.

ನಾಡಿನ ಅಂಚಿನಲ್ಲಿ

ಈಗ ದೊಡ್ಡ ಅಂಚಿಗೆ ಬರೋಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಎರಡು ನದಿಗಳ ಹೆಸರು ಹೇಳಿತು: ಕಾವೇರಿ, ಗೋದಾವರಿ. ಗೋದಾವರಿಯ ಮಾತನ್ನು ಇವತ್ತು ಆಡಿದರೆ ನಗುತ್ತಾರೆ. ಇಲ್ಲಿಂದ ತೆಂಕಣಕ್ಕೆ ಸುಮಾರು ಐವತ್ತು ಕಿಲೋಮೀಟರಿನಲ್ಲಿರುವ ಕಾಸರಗೋಡಿನ ಮಾತನ್ನಾದರೂ ಆಡೋಣ.

ಕೊಡಗಿನ ಕಡೆಯಿಂದ ಇಳಿದು ಸುಳ್ಯದ ಮೂಲಕ ಹರಿಯುವ ಪಯಸ್ವಿನಿ ಮುಂದೆ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ತೆಂಕಣಕ್ಕೆ ಬಾಗಿ ಕಡಲು ಸೇರುತ್ತದೆ. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವವೆಂದು ಸಂಭ್ರಮಿಸುವ ಅದೇ ದಿನ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. 1966ರಲ್ಲಿ ಮಹಾಜನ್ ಆಯೋಗ ನೇಮಕವಾಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ನಮ್ಮ ರಾಜ್ಯಕ್ಕೆ ಸೇರಬೇಕು ಎಂದು 1967ರಲ್ಲಿ ವರದಿ ಕೊಟ್ಟಿತು. ವರದಿ ಕಪಾಟಿನಲ್ಲಿ ಉಳಿಯಿತು. ಕಾಸರಗೋಡಿನ ವಿಲೀನಕ್ಕಾಗಿ ಬಾಳಿಡೀ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿದ ಮೇಲೆ 2015ರಲ್ಲಿ ಕಣ್ಣು ಮುಚ್ಚಿದರು. ಆ ದಿನವನ್ನು ಅವರು ನೋಡಲಿಲ್ಲ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಅಲ್ಲಿನ ಕನ್ನಡಿಗರಿಗೆ ಸರ್ಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿತು. 2017ರಲ್ಲಿ ಎಲ್ಲ ಶಾಲೆಗಳಲ್ಲೂ ಮಲಯಾಳ ಕಡ್ಡಾಯವೆಂಬ ಕಾಯ್ದೆ ಬಂದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ಅವರಿಗೆ ಮಲಯಾಳದ ಮೇಲೆ ಹಗೆಯಿಲ್ಲ. ಅವರಲ್ಲಿ ಬಹಳ ಮಂದಿ ಕನ್ನಡ, ತುಳು, ಮಲಯಾಳ ಮೂರನ್ನೂ ಆಡಬಲ್ಲವರು. ಅವರು ಕೇಳುವುದು ತಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುವ, ತಮ್ಮ ಅರ್ಜಿಗೆ ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು.

ಈಗ ಹೇಳಿ. ಅಂಚಿನಲ್ಲಿರುವ ಅವರು ಒಂದೊಂದು ಅರ್ಜಿಗೂ ಕನ್ನಡಕ್ಕಾಗಿ ಜಗಳವಾಡುತ್ತಿದ್ದಾರೆ. ಒಡಲಿನಲ್ಲಿರುವ ನಾವು ಯಾರೂ ಒತ್ತಾಯಿಸದೆಯೇ ಕನ್ನಡ ಬಿಡುತ್ತಿದ್ದೇವೆ! ಕನ್ನಡ ಸೀರೆಯ ಅಂಚು ಅವರು. ಅಲ್ಲಿ ಎಳೆ ಬಿಗಿಯಾಗಿದೆ. ಒಡಲೇ ಜಾಳಾದರೆ ಅಂಚು ಒಂದೇ ಎಷ್ಟು ದಿನ ಹಿಡಿದೀತು?

ಮಾಡಬೇಕಾದ್ದು ನಾಲ್ಕೇ ಕೆಲಸ

ಬಂಧುಗಳೇ, ಆವೇಶದಲ್ಲಿ ಪ್ರತಿಜ್ಞೆ ಮಾಡಿ ನಾಳೆ ಮರೆಯಬೇಡಿ. ಕೈಗೆಟುಕುವ ನಾಲ್ಕು ಕೆಲಸ ಹೇಳುತ್ತೇನೆ.

ಒಂದು. ಈ ತಿಂಗಳು ನಿಮ್ಮ ಮನೆಯ, ನೆರೆಯ ಹಿರಿಯರಿಂದ ಅಂಚು, ತುದಿ, ಬಾಗುಗಳ ಇಪ್ಪತ್ತು ಮಾತು ಬರೆದುಕೊಳ್ಳಿ. ಮೀನುಗಾರರನ್ನು ಕೇಳಿ, ದರ್ಜಿಯನ್ನು ಕೇಳಿ, ಬಡಗಿಯನ್ನು ಕೇಳಿ. ಯಾವ ಊರಿನ ಮಾತು, ಯಾವ ವಸ್ತುವಿಗೆ ಬಳಸುತ್ತಾರೆ ಎಂದೂ ಬರೆಯಿರಿ. 1853ರಲ್ಲಿ ಧಾರವಾಡಕ್ಕೆ ಬಂದಿಳಿದ ಜರ್ಮನಿಯ ಕಿಟೆಲ್ ಹೀಗೆ ಕೇಳಿ ಕೇಳಿ ಸುಮಾರು 70,000 ಪದಗಳ ನಿಘಂಟು ಕಟ್ಟಿದರು. 1894ರಲ್ಲಿ ಅದು ಅಚ್ಚಾದದ್ದು ಎಲ್ಲಿ? ಇದೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ! ಪರದೇಶದವರು 70,000 ಕೂಡಿಸಿದ ಊರಿನಲ್ಲಿ ನಮಗೆ ಇಪ್ಪತ್ತು ಕೂಡಿಸಲು ಆಗದೆ?

ಎರಡು. ಮನೆಯ ಪತ್ರದ ಚಕ್ಕುಬಂದಿಯನ್ನು ತಂದೆತಾಯಿಯ ಎದುರು ಗಟ್ಟಿಯಾಗಿ ಓದಿ. ತಿಳಿಯದ ಮಾತಿಗೆ ನಿಘಂಟು ತೆಗೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲೇ ಪೂರ್ತಿಯಾಗಿದೆ. ಗ್ರಂಥಾಲಯದಲ್ಲಿ ಅದರ ಮೇಲೆ ಕೂತ ಧೂಳು ಕೊಡಹಿ.

ಮೂರು. ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡವಿರಬೇಕು ಎಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿದೆ. ಕಾನೂನು ನಮ್ಮ ಕಡೆ ಇದೆ. ಬಟ್ಟೆ ಅಂಗಡಿಯಲ್ಲಿ 'ಬಾರ್ಡರ್ ಸೀರೆ' ಎಂದು ಕನ್ನಡ ಅಕ್ಷರದಲ್ಲಿ ಬರೆದು ಅರವತ್ತು ತುಂಬಿಸಿದರೆ ಸಾಲದು. ಒಳಗೆ ಹೋಗಿ ಅಂಗಡಿಯವರಿಗೆ ನಯವಾಗಿ ಹೇಳಿ: 'ಅಣ್ಣ, ಅಂಚಿನ ಸೀರೆ ಎಂದು ಬರೆಸಿ.' ಜಗಳ ಬೇಡ. ಕೊಳ್ಳುವವರು ಕೇಳಿದ್ದನ್ನು ಮಾರುವವರು ಬರೆಯುತ್ತಾರೆ.

ನಾಲ್ಕು. ಕಾಸರಗೋಡಿಗೆ ಹೋಗಿ. ಬೀಚು ನೋಡಲು, ಬೇಕಲ ಕೋಟೆ ನೋಡಲು ಹೋಗುತ್ತೀರಲ್ಲ, ಆಗ ಅಲ್ಲಿನ ಒಂದು ಕನ್ನಡ ಶಾಲೆಯ ಹೊಸ್ತಿಲನ್ನೂ ಮೆಟ್ಟಿ ಬನ್ನಿ. ನಿಮ್ಮ ಹಳೆಯ ಪುಸ್ತಕಗಳನ್ನು ಕೊಟ್ಟು ಬನ್ನಿ. ಅಲ್ಲಿನ ಮಕ್ಕಳೊಡನೆ ಕನ್ನಡದಲ್ಲಿ ನಾಲ್ಕು ಮಾತಾಡಿ. ನಿಮ್ಮ ಬೆನ್ನಿಗೆ ನಾವಿದ್ದೇವೆ ಎಂದು ಭಾಷಣದಲ್ಲಿ ಹೇಳುವುದಕ್ಕಿಂತ ಅದು ಮೇಲು.

ಕನ್ನಡವನ್ನು ಯಾರೋ ದೆಹಲಿಯಲ್ಲಿ ಕೂತು ಕೊಲ್ಲುತ್ತಾರೆ ಎಂದು ಮಾತ್ರ ಹೆದರಬೇಡಿ. ಸೂರು ಎನ್ನುವ ಕಡೆ ಸೈಡು ಎಂದಾಗ, ಕರೆ ಎನ್ನುವ ಕಡೆ ಬೀಚು ಎಂದಾಗ, ಒಂದೊಂದು ಎಳೆ ಬಿಚ್ಚುವುದು ನಮ್ಮ ಕೈಯಿಂದಲೇ. ಬಿಚ್ಚಿದ ಕೈಗೆ ಹೊಲಿಯಲೂ ಬರುತ್ತದೆ. ಇವತ್ತೇ ಶುರುಮಾಡಿ.

ಸಿರಿಗನ್ನಡಂ ಗೆಲ್ಗೆ!